ಹಳೆಯ ಕಾರು ಮತ್ತು ಮರೆತುಹೋದ ಹಕ್ಕುದಾರರು

ಮದ್ರಸದಲ್ಲಿ ಕ್ರಯವಿಕ್ರಯದ ಅಧ್ಯಾಯವನ್ನು ಬೋಧಿಸುವಾಗ ಪ್ರತಿವರ್ಷವೂ ಒಂದು ತೊಡಕು ಎದುರಾಗುತ್ತದೆ. ಕರ್ಮಶಾಸ್ತ್ರ ಗ್ರಂಥಗಳಲ್ಲಿರುವ ಉದಾಹರಣೆಗಳೆಲ್ಲ ಕುದುರೆ, ಒಂಟೆ, ಗೋಧಿಯ ರಾಶಿ, ಮರದ ಮೇಲಿರುವ ಖರ್ಜೂರ ಇತ್ಯಾದಿಗಳಿಗೆ ಸಂಬಂಧಿಸಿದವು. ಅಂಗಡಿಗೆ ಕಾಲಿಡದೆಯೇ ಮೊಬೈಲಿನಲ್ಲಿ ಖರೀದಿ ಮುಗಿಸುವ ಇಂದಿನ ಮಕ್ಕಳಿಗೆ ಈ ನಿಯಮಗಳು ಯಾವುದೋ ಕಾಲದ ಸಂತೆಗೆ ಸೇರಿದವುಗಳೆಂದು ತೋರುವುದು ಸಹಜ. ಆದರೆ ಈಚೆಗೆ ಆ ಅಧ್ಯಾಯದ ಒಂದೊಂದು ನಿಯಮವೂ ನಮ್ಮದೇ ಕುಟುಂಬದ ಮುಂದೆ ಬಂದು ನಿಂತಿತು. ಅದು ತುಕ್ಕು ಹಿಡಿದ ಒಂದು ಪ್ರೀಮಿಯರ್ ಪದ್ಮಿನಿ ಕಾರಿನ ರೂಪದಲ್ಲಿ ಬಂದಿತ್ತು. ಸಂಬಂಧಪಟ್ಟ ಎರಡೂ ಕುಟುಂಬಗಳ ಅನುಮತಿ ಪಡೆದು, ಅವರ ಹೆಸರು ಮತ್ತು ಊರುಗಳನ್ನು ಬಿಟ್ಟು, ಆ ವಿಷಯವನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಅಕ್ಕನ ಮಗ ಐಟಿಐ ಮುಗಿಸಿ ಗ್ಯಾರೇಜೊಂದರಲ್ಲಿ ದುಡಿಯುತ್ತಿದ್ದಾನೆ. ಒಳ್ಳೆಯ ಕೆಲಸಗಾರ. ಹೊಸ ಕಾರುಗಳ ದುರಸ್ತಿಯಿಂದ ಅವನ ಹೊಟ್ಟೆ ತುಂಬುತ್ತದೆ, ಆದರೆ ಮನಸ್ಸು ಇರುವುದು ಹಳೆಯ ಕಾರುಗಳಲ್ಲಿ. ಎಲ್ಲಿಯಾದರೂ ಶೆಡ್ಡಿನಲ್ಲಿ ಮಲಗಿರುವ ಒಂದು ಹಳೆಯ ಕಾರನ್ನು ಕೊಂಡು, ಬಿಡುವಿನ ವೇಳೆಯಲ್ಲಿ ಅದರ ಒಂದೊಂದು ಭಾಗವನ್ನೂ ಬಿಚ್ಚಿ, ಸರಿಪಡಿಸಿ, ಮತ್ತೆ ರಸ್ತೆಗಿಳಿಸಬೇಕೆಂಬುದು ಅವನ ಬಹುದಿನಗಳ ಆಸೆ. ಬಂಟ್ವಾಳ ತಾಲೂಕಿನ ಒಂದು ಹಳ್ಳಿಯಲ್ಲಿ, ಅಡಿಕೆ ತೋಟದ ಬದಿಯ ಮನೆಯೊಂದರ ಹಿಂಬದಿಯಲ್ಲಿ, 1978ರ ಪದ್ಮಿನಿಯೊಂದು ಇದೆಯೆಂದು ತಿಳಿದಾಗ ಅವನ ಸಂತೋಷಕ್ಕೆ ಪಾರವಿರಲಿಲ್ಲ.

ನನ್ನ ವಯಸ್ಸಿನವರಿಗೆ ಈ ಕಾರಿನ ಪರಿಚಯ ಬೇಕಾಗಿಲ್ಲ. ಇಟಲಿಯ ಫಿಯೆಟ್ 1100ರ ಮಾದರಿಯಲ್ಲಿ ಮುಂಬಯಿಯ ಕುರ್ಲಾದ ಪ್ರೀಮಿಯರ್ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಇದನ್ನು ನಮ್ಮ ಹಿರಿಯರು ಕೊನೆಯವರೆಗೂ ‘ಫಿಯೆಟ್’ ಎಂದೇ ಕರೆಯುತ್ತಿದ್ದರು. 1089 ಸಿಸಿಯ ಪುಟ್ಟ ಎಂಜಿನು, ಸ್ಟಿಯರಿಂಗ್ ಪಕ್ಕದಲ್ಲೇ ಗೇರಿನ ಹಿಡಿ, ಮುಂದುಗಡೆ ಬೆಂಚಿನಂತಹ ಉದ್ದ ಸೀಟು. ಹಣ ಕಟ್ಟಿದವರೂ ವರ್ಷಗಟ್ಟಲೆ ಸರದಿಗಾಗಿ ಕಾಯಬೇಕಿದ್ದ ಕಾಲ ಅದು. ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. ಮುಂಬಯಿಯ ರಸ್ತೆಗಳಿಂದ ಪದ್ಮಿನಿ ಟ್ಯಾಕ್ಸಿಗಳು 2023ರಲ್ಲಿ ಕೊನೆಯದಾಗಿ ಮರೆಯಾದವು. ಬಹುಶಃ ಆದ್ದರಿಂದಲೇ ಯುವಕರಿಗೆ ಈಗ ಅವುಗಳ ಮೇಲೆ ಮೋಹ. ಹಾಳಾದುದನ್ನು ಎಸೆಯದೆ ಸರಿಪಡಿಸುವ ಈ ಹವ್ಯಾಸವನ್ನು ನಾನು ಆಕ್ಷೇಪಿಸುವುದಿಲ್ಲ. ದುಂದುವೆಚ್ಚಕ್ಕಿಂತ ಅದು ಎಷ್ಟೋ ಮೇಲು.

ಅಳಿಯ ನನ್ನನ್ನು ಕರೆದೊಯ್ದದ್ದು ಕಾರು ನೋಡಲೆಂದಲ್ಲ, ಸಾಕ್ಷಿ ಹಾಕಲೆಂದು. ಕಾರಿನ ಮಾಲಕರು ತೀರಿಹೋಗಿ ಹನ್ನೊಂದು ವರ್ಷಗಳಾಗಿದ್ದವು. ಮಾರುತ್ತಿದ್ದವರು ಅವರ ಹಿರಿಯ ಮಗ. ಬೆಲೆ 48,000 ರೂಪಾಯಿ. ಆರ್‌ಸಿ ಪುಸ್ತಕ ಇರಲಿಲ್ಲ, ತೆರಿಗೆ ರಶೀದಿ ಇರಲಿಲ್ಲ, ವಿಮೆಯ ಹಳೆಯ ಕಾಗದವೂ ಇರಲಿಲ್ಲ. ಕೆಎ ಸರಣಿ ಬರುವುದಕ್ಕಿಂತ ಮುಂಚಿನ ಹಳೆಯ ಸಂಖ್ಯೆಯ ಫಲಕವೊಂದು ಮಾತ್ರ ಮುಂದುಗಡೆ ತೂಗುತ್ತಿತ್ತು. ಆ ಮನುಷ್ಯ ಏನನ್ನೂ ಮುಚ್ಚಿಡಲಿಲ್ಲ. “ಉಸ್ತಾದರೇ, ಕಾಗದ ಇದ್ದಿದ್ದರೆ ನಾನು ಈ ಬೆಲೆಗೆ ಕೊಡುತ್ತಲೇ ಇರಲಿಲ್ಲ. ಇಲ್ಲವೆಂದು ಮೊದಲೇ ಹೇಳಿದ್ದೇನೆ. ಛಾಪಾ ಕಾಗದದಲ್ಲಿ ಬರೆದುಕೊಡುತ್ತೇನೆ, ನೀವು ಸಾಕ್ಷಿಯಾಗಿ ಸಹಿ ಹಾಕಿದರೆ ಸಾಕು” ಎಂದರು. ಅಳಿಯನ ಕಿಸೆಯಲ್ಲಿ ಮುಂಗಡದ ಹಣವಿತ್ತು.

ನಾನು ಕೇಳಿದ್ದು ಒಂದೇ ಪ್ರಶ್ನೆ: “ನಿಮ್ಮ ಬಾಪನ ಸೊತ್ತು ಪಾಲಾಗಿದೆಯೇ?”

“ಇನ್ನೂ ಇಲ್ಲ. ಉಮ್ಮ ಇರುವವರೆಗೆ ಪಾಲಿನ ಮಾತೆತ್ತಬಾರದು ಎಂದು ಬಿಟ್ಟಿದ್ದೇವೆ.”

“ಹಾಗಾದರೆ ಈ ಕಾರು ಯಾರದು?”

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನನ್ನ ಮಾತಿನ ಮೇಲೆ ನಿಮಗೆ ನಂಬಿಕೆಯಿಲ್ಲವೇ ಉಸ್ತಾದರೇ?” ಎಂದರು. ಅಂದು ಸಹಿ ಹಾಕದೆ, ಎಲ್ಲರೊಂದಿಗೂ ಮಾತನಾಡಿ ತಿಳಿಸಿರೆಂದು ಹೇಳಿ ನಾವು ಮರಳಿದೆವು.

ದಾರಿಯುದ್ದಕ್ಕೂ ಅಳಿಯ ಮುನಿಸಿಕೊಂಡಿದ್ದ. ಅವನೂ ನನ್ನ ಮದ್ರಸದಲ್ಲೇ ಕಲಿತವನು, ಆದ್ದರಿಂದ ವಾದವೂ ಅಲ್ಲಿಯದೇ. “ಮಾಮ, ವಸ್ತು ಯಾರ ಕೈವಶದಲ್ಲಿದೆಯೋ ಅವನೇ ಒಡೆಯನೆಂದು ಭಾವಿಸಬೇಕು ಎಂದು ಕಲಿಸಿದವರು ನೀವೇ. ಹನ್ನೊಂದು ವರ್ಷಗಳಿಂದ ಕಾರು ಅವರ ಕೈಯಲ್ಲಿದೆ. ದೋಷವನ್ನು ಮುಚ್ಚಿಟ್ಟಿಲ್ಲ. ಕೊಡುವವರಿಗೂ ಒಪ್ಪಿಗೆ, ಕೊಳ್ಳುವ ನನಗೂ ಒಪ್ಪಿಗೆ. ಇನ್ನೇನು ಬೇಕು?” ಎಂದ.

ಅವನ ಮಾತಿನಲ್ಲಿ ಹುರುಳಿತ್ತು. ಸಂತೆಯಲ್ಲಿ ಕುರಿ ಮಾರುವವನನ್ನು ನಿಲ್ಲಿಸಿ ‘ಇದು ನಿನ್ನದೇ ಎನ್ನಲು ದಾಖಲೆ ಕೊಡು’ ಎಂದು ಯಾರೂ ಕೇಳುವುದಿಲ್ಲ, ಕೇಳಬೇಕೆಂದು ಶರೀಅತ್ತೂ ಹೇಳುವುದಿಲ್ಲ. ಕೈವಶವಿರುವುದೇ ಒಡೆತನದ ಕುರುಹು. ಆದರೆ ಈ ಭಾವನೆ ನಿಲ್ಲುವುದು ಬೇರೇನೂ ತಿಳಿಯದಿರುವಾಗ ಮಾತ್ರ. ಕಾರು ತಂದೆಯದೆಂದು ಮಗನೇ ಹೇಳಿದ್ದಾರೆ, ತಂದೆ ತೀರಿಹೋಗಿದ್ದಾರೆ, ಪಾಲಾಗಿಲ್ಲವೆಂದೂ ಹೇಳಿದ್ದಾರೆ. ಇಷ್ಟೆಲ್ಲ ತಿಳಿದ ಮೇಲೆಯೂ ‘ಕೈಯಲ್ಲಿದ್ದವನದೇ’ ಎನ್ನುವುದು ತಿಳಿದದ್ದನ್ನು ತಿಳಿಯದಂತೆ ನಟಿಸಿದಂತಾಗುತ್ತದೆ.

ನಮ್ಮ ಶಾಫಿಈ ಕರ್ಮಶಾಸ್ತ್ರದಲ್ಲಿ ಮಾರಾಟದ ವಸ್ತುವಿಗೆ ಐದು ಷರತ್ತುಗಳಿವೆ. ಅದು ಶುದ್ಧವಾಗಿರಬೇಕು, ಉಪಯುಕ್ತವಾಗಿರಬೇಕು, ಒಪ್ಪಿಸಲು ಸಾಧ್ಯವಾಗುವಂತಿರಬೇಕು, ಮಾರುವವನಿಗೆ ಅದರ ಮೇಲೆ ಅಧಿಕಾರವಿರಬೇಕು, ಅದು ಏನೆಂಬುದು ಇಬ್ಬರಿಗೂ ತಿಳಿದಿರಬೇಕು. ತುಕ್ಕು ಹಿಡಿದ ಆ ಕಾರು ನಾಲ್ಕರಲ್ಲಿ ಹೇಗೋ ತೇರ್ಗಡೆಯಾದೀತು, ಅಧಿಕಾರದ ಷರತ್ತಿನಲ್ಲಿ ಆಗದು. ಇತರರ ಸೊತ್ತನ್ನು ಅವರ ಅನುಮತಿಯಿಲ್ಲದೆ ಮಾರಿದರೆ ಆ ಮಾರಾಟ ನಮ್ಮ ಮದ್‌ಹಬಿನ ಪ್ರಬಲ ಅಭಿಪ್ರಾಯದಂತೆ ಅಸಿಂಧು. ಹನಫಿ ಮದ್‌ಹಬಿನಲ್ಲಿ ಅದು ನಿಜವಾದ ಒಡೆಯನ ಒಪ್ಪಿಗೆಗಾಗಿ ಕಾದು ನಿಲ್ಲುತ್ತದೆ, ಅವನು ಒಪ್ಪದಿದ್ದರೆ ಬಿದ್ದುಹೋಗುತ್ತದೆ. ಯಾವ ದಾರಿಯಲ್ಲಿ ಹೋದರೂ ಕೊನೆಗೆ ನಾವು ಆ ಒಡೆಯರ ಮನೆ ಬಾಗಿಲಿಗೇ ತಲುಪುತ್ತೇವೆ. ತನ್ನಲ್ಲಿ ಇಲ್ಲದ್ದನ್ನು ಮಾರಬಾರದೆಂದು ಪ್ರವಾದಿ(ಸ)ರು ಹಕೀಮ್ ಬಿನ್ ಹಿಝಾಮ್(ರ)ರಿಗೆ ತಿಳಿಸಿದ್ದು ಪ್ರಸಿದ್ಧ ಹದೀಸ್. ನಮ್ಮ ದೇಶದ 1930ರ ಸರಕು ಮಾರಾಟ ಕಾಯ್ದೆಯ 27ನೆಯ ಕಲಮು ಕೂಡ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಮಾರುವವನಿಗೆ ಇರುವುದಕ್ಕಿಂತ ಹೆಚ್ಚಿನ ಹಕ್ಕು ಕೊಳ್ಳುವವನಿಗೆ ಸಿಗದು ಎಂದೇ ಹೇಳುತ್ತದೆ. ಪರಸ್ಪರ ಒಪ್ಪಿಗೆಯ ವ್ಯಾಪಾರವನ್ನು ಕುರ್‌ಆನ್ ಸಮ್ಮತಿಸಿದೆ, ನಿಜ. ಆದರೆ ಆ ಒಪ್ಪಿಗೆ ಒಡೆಯರದ್ದಾಗಿರಬೇಕು. ಐವರ ಸೊತ್ತಿಗೆ ಒಬ್ಬನ ಒಪ್ಪಿಗೆ ಸಾಲದು.

‘ನನ್ನ ಮಾತಿನ ಮೇಲೆ ನಂಬಿಕೆಯಿಲ್ಲವೇ’ ಎಂಬ ಆ ಮನುಷ್ಯನ ಮಾತು ನನ್ನನ್ನು ಹೆಚ್ಚು ಕಾಡಿತು. ನಮ್ಮ ಸಮುದಾಯದಲ್ಲಿ ಎಷ್ಟೋ ಕಾಗದಪತ್ರಗಳು ಹುಟ್ಟುವ ಮೊದಲೇ ಸಾಯುವುದು ಈ ಒಂದು ಮಾತಿನಿಂದ. ಅಣ್ಣತಮ್ಮಂದಿರ ನಡುವೆ ಬರವಣಿಗೆಯೇಕೆ, ನೆಂಟರ ನಡುವೆ ರಶೀದಿಯೇಕೆ ಎನ್ನುತ್ತೇವೆ. ದಾಖಲೆ ಕೇಳುವುದು ಅವಮಾನವೆಂದು ತಿಳಿಯುತ್ತೇವೆ. ಅಬೂದಾವೂದ್ ವರದಿ ಮಾಡಿದ ಒಂದು ಘಟನೆಯನ್ನು ಇಲ್ಲಿ ನೆನೆಯಬೇಕು. ಪ್ರವಾದಿ(ಸ)ರು ಒಬ್ಬ ಗ್ರಾಮೀಣ ಅರಬನಿಂದ ಕುದುರೆಯೊಂದನ್ನು ಖರೀದಿಸಿ, ಬೆಲೆ ಕೊಡಲು ಅವನನ್ನು ಕರೆದುಕೊಂಡು ಹೊರಟರು. ಅವರು ಬೇಗನೆ ನಡೆದರು, ಅವನು ಹಿಂದುಳಿದ. ಮಾರಾಟವಾದ ವಿಷಯ ತಿಳಿಯದ ಜನರು ದಾರಿಯಲ್ಲಿ ಅವನೊಂದಿಗೆ ಕುದುರೆಗೆ ಬೆಲೆ ಕಟ್ಟತೊಡಗಿದರು. ಆಗ ಅವನು, ತಾನು ಮಾರಿಯೇ ಇಲ್ಲವೆಂದೂ, ಮಾರಿದ್ದರೆ ಸಾಕ್ಷಿ ತರಬೇಕೆಂದೂ ಹೇಳಿಬಿಟ್ಟ. ಸತ್ಯವಂತರೆಂದು ಶತ್ರುಗಳೂ ಒಪ್ಪಿದ್ದ ಆ ಮಹಾನುಭಾವರ ಎದುರು ನಿಂತು ಸಾಕ್ಷಿ ಕೇಳಿದವನ ಮೇಲೆ ಅವರು ಕ್ರಮ ಕೈಗೊಳ್ಳಲಿಲ್ಲ. ಖುಝೈಮಾ ಬಿನ್ ಸಾಬಿತ್(ರ)ರು ಮುಂದೆ ಬಂದು ಸಾಕ್ಷ್ಯ ನುಡಿದರು. ಖರೀದಿಯ ವೇಳೆ ಅಲ್ಲಿರದಿದ್ದರೂ ಹೇಗೆ ಸಾಕ್ಷಿ ನುಡಿದಿರಿ ಎಂದು ಕೇಳಿದಾಗ, ತಮ್ಮ ಮೇಲಿನ ವಿಶ್ವಾಸದಿಂದ ಎಂದು ಉತ್ತರಿಸಿದರು. ಅವರೊಬ್ಬರ ಸಾಕ್ಷ್ಯವನ್ನು ಇಬ್ಬರ ಸಾಕ್ಷ್ಯಕ್ಕೆ ಸಮವೆಂದು ಪ್ರವಾದಿ(ಸ)ರು ಪರಿಗಣಿಸಿದರು. ಈ ಘಟನೆಯನ್ನು ನಾವು ಖುಝೈಮಾ(ರ)ರ ಶ್ರೇಷ್ಠತೆಗೆಂದು ಓದುತ್ತೇವೆ. ನನಗೆ ಅದರಲ್ಲಿ ಇನ್ನೊಂದು ಪಾಠವೂ ಕಾಣುತ್ತದೆ: ಪ್ರವಾದಿ(ಸ)ರೇ ಸಾಕ್ಷಿ ಕೇಳಿಸಿಕೊಂಡಿರುವಾಗ, ಸಾಕ್ಷಿ ಕೇಳಿದರೆ ಮಾನ ಹೋಯಿತೆನ್ನಲು ನಾವು ಯಾರು?

ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತ ಬಂದಿರುವುದು ನಮಾಝಿನ ಬಗ್ಗೆಯೋ ಉಪವಾಸದ ಬಗ್ಗೆಯೋ ಅಲ್ಲ, ಸಾಲದ ವ್ಯವಹಾರವನ್ನು ಬರೆದಿಡುವುದರ ಬಗ್ಗೆ. ಅದು ಅಲ್‌ಬಕರ ಅಧ್ಯಾಯದ 282ನೆಯ ಸೂಕ್ತ. ವ್ಯವಹಾರ ಚಿಕ್ಕದಿರಲಿ ದೊಡ್ಡದಿರಲಿ ಬರೆಯಲು ಬೇಸರಪಡಬಾರದೆಂದೂ, ಬರೆಯುವುದರಿಂದ ಸಂಶಯಕ್ಕೆ ಎಡೆಯಿಲ್ಲದಾಗುತ್ತದೆಂದೂ ಅದು ಬೋಧಿಸುತ್ತದೆ. ಕೈಗೆ ಕೈ ನಡೆಯುವ ವ್ಯಾಪಾರವನ್ನು ಬರೆಯದಿದ್ದರೆ ದೋಷವಿಲ್ಲವೆಂದು ಅಲ್ಲಿಯೇ ವಿನಾಯಿತಿ ಕೊಟ್ಟರೂ, ವ್ಯಾಪಾರ ಮಾಡುವಾಗ ಸಾಕ್ಷಿಗಳಿರಲಿ ಎಂದು ಮರುಕ್ಷಣವೇ ಸೂಚಿಸುತ್ತದೆ. ಬಹುಪಾಲು ವಿದ್ವಾಂಸರು ಈ ಬರವಣಿಗೆಯನ್ನು ಕಡ್ಡಾಯವೆನ್ನದೆ ಅಪೇಕ್ಷಣೀಯ ಎಂದಿದ್ದಾರೆ. ಆದ್ದರಿಂದ ಆರ್‌ಸಿ ಇಲ್ಲ ಎಂಬ ಒಂದೇ ಕಾರಣಕ್ಕೆ ಖರೀದಿ ಹರಾಮ್ ಎಂದು ನಾನು ಅಳಿಯನಿಗೆ ಹೇಳಲಿಲ್ಲ, ಹೇಳುವ ಅಧಿಕಾರವೂ ನನಗಿಲ್ಲ. ನಾನು ಹೇಳಿದ್ದು ಇಷ್ಟೇ: ಆ ಕಾಗದ ಯಾಕೆ ಇಲ್ಲ ಎಂದು ಹುಡುಕು. ಅದು ಇಲಿ ತಿಂದ ಕಾಗದವಾದರೆ ಮತ್ತೆ ಮಾಡಿಸಬಹುದು. ಯಾರದೋ ಹಕ್ಕನ್ನು ಕೇಳದೆ ಬಿಟ್ಟಿದ್ದರಿಂದ ಇಲ್ಲವಾದ ಕಾಗದವಾದರೆ, ಆ ಹಕ್ಕುದಾರರನ್ನು ಕಾಣದೆ ಅದು ಹುಟ್ಟುವುದಿಲ್ಲ.

ಈ ನಡುವೆ ಅಳಿಯನಿಗೆ ಇನ್ನೊಂದು ಸುಲಭದ ದಾರಿ ತೋರಿಸಿದವರು ಬಂದರು. ಗುಜರಿಗೆ ಹೋದ ಅದೇ ಮಾದರಿಯ ಬೇರೊಂದು ಕಾರಿನ ಆರ್‌ಸಿ ಸಿಗುತ್ತದೆ, ಚಾಸಿಸ್ ಮೇಲೆ ಆ ಸಂಖ್ಯೆಯನ್ನೇ ಕೊರೆದರಾಯಿತು ಎಂಬುದು ಆ ಮಧ್ಯವರ್ತಿಯ ಸಲಹೆ. ಒಂದು ಕಾರಿನ ಹೆಸರನ್ನು ಇನ್ನೊಂದಕ್ಕೆ ಅಂಟಿಸುವ ಈ ಕೆಲಸ ಅಪರಾಧವೆಂಬುದನ್ನು ಅಳಿಯನೇ ಬಲ್ಲ. ಹೀಗೆ ಸಂಖ್ಯೆ ಬದಲಾದ ವಾಹನ ಎಲ್ಲಿಂದ ಬಂತು, ಯಾವ ಊರಿನಿಂದ ಕಳವಾದದ್ದು ಎಂಬುದು ಕೊಳ್ಳುವವನಿಗೆ ತಿಳಿಯುವುದೇ ಇಲ್ಲ. ಕದ್ದ ಮಾಲನ್ನು ತಿಳಿದೂ ಸ್ವೀಕರಿಸುವುದು ಭಾರತೀಯ ನ್ಯಾಯ ಸಂಹಿತೆಯ 317ನೆಯ ಕಲಮಿನಡಿ ಶಿಕ್ಷಾರ್ಹ. ಅದಕ್ಕಿಂತ ಮೊದಲು ಅದು ಸುಳ್ಳು ಸಾಕ್ಷ್ಯ. ಮಹಾಪಾಪಗಳನ್ನು ಎಣಿಸುವಾಗ ಒರಗಿ ಕುಳಿತಿದ್ದ ಪ್ರವಾದಿ(ಸ)ರು ಸುಳ್ಳು ಸಾಕ್ಷ್ಯದ ಮಾತು ಬಂದಾಗ ನೆಟ್ಟಗೆ ಕುಳಿತು, ಇನ್ನು ನಿಲ್ಲಿಸಿದರೆ ಸಾಕೆಂದು ಅನುಚರರಿಗೆ ಅನ್ನಿಸುವಷ್ಟು ಬಾರಿ ಅದನ್ನೇ ಪುನರುಚ್ಚರಿಸಿದ್ದನ್ನು ಬುಖಾರಿ ವರದಿ ಮಾಡಿದ್ದಾರೆ. ಕಬ್ಬಿಣದ ಮೇಲೆ ಕೊರೆದ ಸುಳ್ಳು ಸಂಖ್ಯೆಯೂ ಪ್ರತಿದಿನ ಸಾಕ್ಷಿ ನುಡಿಯುತ್ತಲೇ ಇರುತ್ತದೆ. ಅಳಿಯ ಆ ಮನುಷ್ಯನನ್ನು ಮತ್ತೆ ಭೇಟಿಯಾಗಲಿಲ್ಲ.

ದಾಖಲೆ ಇಲ್ಲದ ವಾಹನದಿಂದ ಯಾರಿಗೆ ಏನು ನಷ್ಟ ಎಂದು ಕೇಳುವವರಿಗೆ ಒಂದು ಮಾತು. ನೋಂದಣಿ ಇಲ್ಲದ ಕಾರನ್ನು ರಸ್ತೆಗಿಳಿಸುವಂತಿಲ್ಲ, ಅದಕ್ಕೆ ಸರಿಯಾದ ವಿಮೆಯೂ ಸಿಗದು. ಮೂರನೆಯವರಿಗೆ ಆಗುವ ಹಾನಿಯ ವಿಮೆಯನ್ನು 1988ರ ಮೋಟಾರು ವಾಹನ ಕಾಯ್ದೆ ಕಡ್ಡಾಯ ಮಾಡಿರುವುದು ದಾರಿಹೋಕನ ರಕ್ಷಣೆಗಾಗಿ. ಅಂತಹ ಕಾರು ಒಬ್ಬ ಕೂಲಿಯವನಿಗೆ ಬಡಿದರೆ ಅವನ ಮಕ್ಕಳಿಗೆ ಪರಿಹಾರ ಕೊಡುವವರು ಯಾರು? ಮಾರಿದವನೂ ಪಾರಾಗುವುದಿಲ್ಲ. ಹೆಸರು ವರ್ಗಾವಣೆಯಾಗದೆ ಕೈಯಿಂದ ಕೈಗೆ ದಾಟಿದ ಕಾರಿನ ಪ್ರಕರಣವೊಂದರಲ್ಲಿ, ನೋಂದಣಿಯಲ್ಲಿ ಹೆಸರಿರುವವನೇ ಹೊಣೆಗಾರನೆಂದು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ತೀರ್ಪು ನೀಡಿದೆ. ದಾಸರ ಹಕ್ಕುಗಳು ಎಂದು ನಾವು ಖುತ್ಬಾಗಳಲ್ಲಿ ಹೇಳುವಾಗ ಈ ದಾರಿಹೋಕನೂ ನಮ್ಮ ಕಣ್ಣ ಮುಂದಿರಬೇಕು.

ಇನ್ನು ಆ ಮನೆಯ ವಿಷಯ. ತೀರಿಹೋದವರಿಗೆ ಪತ್ನಿ, ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು. ಅವರ ಸಾಲವಾಗಲಿ ವಸಿಯ್ಯತ್ತಾಗಲಿ ಬಾಕಿ ಇರಲಿಲ್ಲ. ಒಂದು ವಾರದ ನಂತರ ಹಿರಿಯ ಮಗ ಮದ್ರಸಕ್ಕೇ ಬಂದು, “ಪಾಲು ಹೇಗೆ ಬರುತ್ತದೆ, ನೀವೇ ಲೆಕ್ಕ ಮಾಡಿ” ಎಂದರು. ಕಪ್ಪುಹಲಗೆಯ ಮೇಲೆ ಲೆಕ್ಕ ಬರೆದೆ. ಮಕ್ಕಳಿರುವುದರಿಂದ ಪತ್ನಿಗೆ ಎಂಟನೆಯ ಒಂದು ಭಾಗ. ಉಳಿದದ್ದರಲ್ಲಿ ಗಂಡಿಗೆ ಎರಡು, ಹೆಣ್ಣಿಗೆ ಒಂದು. 48,000 ರೂಪಾಯಿಯಲ್ಲಿ ತಾಯಿಗೆ 6,000, ಗಂಡುಮಕ್ಕಳಿಗೆ ತಲಾ 14,000, ಹೆಣ್ಣುಮಕ್ಕಳಿಗೆ ತಲಾ 7,000. ಯಾವ ಹಣವನ್ನು ಪೂರ್ತಿ ತನ್ನದೆಂದು ಅವರು ಎಣಿಸಿದ್ದರೋ ಅದರಲ್ಲಿ ಅವರದ್ದು ಮೂರರಲ್ಲಿ ಒಂದು ಭಾಗವೂ ಇರಲಿಲ್ಲ. ಅವರು ಹಲಗೆಯನ್ನೇ ನೋಡುತ್ತ ನಿಂತರು. “ತಂಗಿಯರ ಮದುವೆಗೆ ಬಾಪ ಚಿನ್ನ ಕೊಟ್ಟಿದ್ದಾರಲ್ಲ ಉಸ್ತಾದರೇ?” ಎಂದರು. ಜೀವಂತವಿರುವಾಗ ತಂದೆ ಪ್ರೀತಿಯಿಂದ ಕೊಟ್ಟದ್ದು ಉಡುಗೊರೆ. ಮರಣದ ನಂತರ ಅಲ್ಲಾಹನು ನಿಶ್ಚಯಿಸಿದ್ದು ಪಾಲು. ಒಂದು ಇನ್ನೊಂದನ್ನು ರದ್ದು ಮಾಡುವುದಿಲ್ಲ. ಬಿಟ್ಟುಹೋದದ್ದು ಸ್ವಲ್ಪವಿರಲಿ ಹೆಚ್ಚಿರಲಿ ಸ್ತ್ರೀಯರಿಗೂ ಪಾಲಿದೆಯೆಂದು ಅನ್ನಿಸಾ ಅಧ್ಯಾಯದ 7ನೆಯ ಸೂಕ್ತ ಘೋಷಿಸಿರುವಾಗ, ಹಳೆಯ ಕಾರು ಚಿಲ್ಲರೆ ವಸ್ತುವೆಂದು ಅದನ್ನು ಹೊರಗಿಡಲು ಬರುವುದಿಲ್ಲ.

‘ಉಮ್ಮ ಇರುವವರೆಗೆ ಪಾಲು ಬೇಡ’ ಎಂಬ ಮಾತನ್ನು ನಾನು ಅನೇಕ ಮನೆಗಳಲ್ಲಿ ಕೇಳಿದ್ದೇನೆ. ಮೇಲ್ನೋಟಕ್ಕೆ ಅದು ತಾಯಿಯ ಮೇಲಿನ ಗೌರವ. ಆದರೆ ಪಾಲು ತಡೆದಾಗ ಮೊದಲು ತಡೆಯುವುದು ಆ ತಾಯಿಯದೇ ಎಂಟನೆಯ ಒಂದು ಭಾಗ. ತನ್ನದೇ ಹಣ ಕೈಗೆ ಬಾರದೆ, ಔಷಧಕ್ಕೂ ಮಗನ ಮುಂದೆ ಕೈಯೊಡ್ಡುವಂತಾದರೆ ಅದು ಗೌರವವೇ?

ಕಿರಿಯ ಮಗ ರಿಯಾದ್‌ನಲ್ಲಿದ್ದ. ಒಬ್ಬ ಮಗಳು ಮಂಗಳೂರಿನಲ್ಲಿ. ಇನ್ನೊಬ್ಬಳು ಸುಳ್ಯದ ಕಡೆ. ಪತಿ ತೀರಿಹೋದ ಮೇಲೆ ಬೀಡಿ ಕಟ್ಟಿ ಮಕ್ಕಳನ್ನು ಸಾಕುತ್ತಿದ್ದಾಳೆ. ಕಾರು ಮಾರಾಟಕ್ಕಿದೆಯೆಂಬುದೇ ಅವಳಿಗೆ ತಿಳಿದಿರಲಿಲ್ಲ. ಅಣ್ಣ, ಅಳಿಯ, ನಾನು ಮೂವರೂ ಅವಳ ಮನೆಗೆ ಹೋದೆವು. ಹಿರಿಯ ಮಗನೇ ವಿಷಯ ತಿಳಿಸಿ, ಒಪ್ಪಿಗೆ ಪತ್ರಕ್ಕೆ ಸಹಿ ಬೇಕೆಂದರು. ಅವಳು ಸೆರಗಿನ ಅಂಚು ಹಿಡಿದು ಬಾಗಿಲ ಬಳಿ ನಿಂತಿದ್ದಳು. “ನನ್ನ ಮೊದಲ ಹೆರಿಗೆಗೆ ಬಾಪ ರಾತ್ರಿ ಮಳೆಯಲ್ಲಿ ಇದೇ ಕಾರಿನಲ್ಲಿ ಪುತ್ತೂರಿಗೆ ಕರಕೊಂಡು ಹೋಗಿದ್ದರು. ಬಾಪ ಹೋದ ಮೇಲೆ ಯಾವ ಕಾಗದಕ್ಕೂ ನನ್ನ ಸಹಿ ಕೇಳಿದವರಿಲ್ಲ ಉಸ್ತಾದ್. ನಾನು ಈಗ ಆ ಮನೆಯವಳಲ್ಲ ಎಂದೇ ತಿಳಿದುಕೊಂಡಿದ್ದೆ” ಎಂದಳು. ಅಣ್ಣ ತಲೆ ತಗ್ಗಿಸಿದರು. ಸ್ವಲ್ಪ ಹೊತ್ತಿನ ಮೇಲೆ ಅವಳು, “ಹಣವೇನೂ ಬೇಡ ಅಣ್ಣಾ, ನೀವೇ ಇಟ್ಟುಕೊಳ್ಳಿ” ಎಂದಳು.

ಇಂತಹ ‘ಬೇಡ’ಗಳ ಬಗ್ಗೆ ನಮ್ಮ ಕರ್ಮಶಾಸ್ತ್ರ ವಿದ್ವಾಂಸರು ಬಹಳ ಎಚ್ಚರಿಕೆಯಿಂದ ಮಾತನಾಡಿದ್ದಾರೆ. ಸಂಕೋಚಕ್ಕೆ ಸಿಲುಕಿಸಿ ಪಡೆದದ್ದು ಬಲಾತ್ಕಾರದಿಂದ ಪಡೆದುದಕ್ಕೆ ಸಮಾನ, ಅದು ನಾಚಿಕೆಯೆಂಬ ಖಡ್ಗ ತೋರಿಸಿ ಕಸಿದದ್ದು ಎಂಬುದು ಅವರ ನಿಲುವು. ಅಣ್ಣ ಮನೆಬಾಗಿಲಿಗೆ ಬಂದಿರುವಾಗ, ಹೊರಗಿನವರು ಎದುರಿಗಿರುವಾಗ, ತವರಿನ ದಾರಿ ಮುಚ್ಚೀತೆಂಬ ಭಯವಿರುವಾಗ ಯಾವ ತಂಗಿ ‘ನನ್ನ ಪಾಲು ಕೊಡಿ’ ಎಂದಾಳು? ಆದ್ದರಿಂದ ನಾನು ಅಣ್ಣನಿಗೆ ಹೇಳಿದೆ: “ಮೊದಲು ಅವಳ ಹಣವನ್ನು ಅವಳ ಕೈಗೆ ಕೊಡಿ. ಅದು ಅವಳ ಪೆಟ್ಟಿಗೆಯಲ್ಲಿ ಕೆಲವು ದಿನ ಇರಲಿ. ಆಮೇಲೂ ನಿಮಗೆ ಕೊಡಬೇಕೆನ್ನಿಸಿದರೆ ಅದು ಉಡುಗೊರೆ.”

ಮುಂದಿನ ಕೆಲಸವೆಲ್ಲ ಕಚೇರಿಯದು. ಹಳೆಯ ವಾಹನ ಕೊಳ್ಳಬಯಸುವ ಯುವಕರಿಗೆ ಉಪಯೋಗವಾದೀತೆಂದು ಸಂಕ್ಷಿಪ್ತವಾಗಿ ಬರೆಯುತ್ತೇನೆ. ಮಾಲಕ ತೀರಿಹೋದರೆ ಉತ್ತರಾಧಿಕಾರಿಗಳು 30 ದಿನಗಳೊಳಗೆ ಸಾರಿಗೆ ಕಚೇರಿಗೆ ತಿಳಿಸಿ, ಮೂರು ತಿಂಗಳೊಳಗೆ ಫಾರ್ಮ್ 31ರಲ್ಲಿ ಹೆಸರು ವರ್ಗಾವಣೆಗೆ ಅರ್ಜಿ ಕೊಡಬೇಕು. ಅದರೊಂದಿಗೆ ಮರಣ ಪ್ರಮಾಣಪತ್ರ, ವಂಶವೃಕ್ಷ, ಉಳಿದ ಹಕ್ಕುದಾರರ ಒಪ್ಪಿಗೆ ಬೇಕಾಗುತ್ತದೆ. ಆರ್‌ಸಿ ಕಳೆದುಹೋಗಿದ್ದರೆ ಪೊಲೀಸ್ ಠಾಣೆಗೆ ದೂರು ಕೊಟ್ಟು ಫಾರ್ಮ್ 26ರ ಮೂಲಕ ನಕಲು ಪ್ರತಿ ಪಡೆಯಬೇಕು. ಖಾಸಗಿ ಕಾರಿನ ನೋಂದಣಿ ಮೊದಲು 15 ವರ್ಷ, ಆಮೇಲೆ ಐದೈದು ವರ್ಷ. ಅವಧಿ ಮುಗಿದಿದ್ದರೆ ಫಾರ್ಮ್ 25ರಲ್ಲಿ ನವೀಕರಣ, ಅದಕ್ಕೆ ವಾಹನದ ತಪಾಸಣೆ. ಕೊನೆಗೆ ಮಾರುವವರೂ ಕೊಳ್ಳುವವರೂ ಸಹಿ ಮಾಡುವ ಫಾರ್ಮ್ 29 ಮತ್ತು 30. ಹಳೆಯ ನೋಂದಣಿಗಳೆಲ್ಲ ಗಣಕಯಂತ್ರಕ್ಕೆ ಏರಿರುವುದಿಲ್ಲವಾದ್ದರಿಂದ ‘ವಾಹನ್’ ಜಾಲತಾಣದಲ್ಲಿ ಸಂಖ್ಯೆ ಹಾಕಿದಾಗ ಏನೂ ಕಾಣದಿದ್ದರೆ ಕಾರು ಕಳವಿನದೆಂದು ಅರ್ಥವಲ್ಲ, ಕಚೇರಿಯ ಹಳೆಯ ರಿಜಿಸ್ಟರ್ ಹುಡುಕಿಸಬೇಕು. 50 ವರ್ಷ ದಾಟಿದ ವಾಹನಗಳಿಗೆ 2021ರ ನಿಯಮದಂತೆ ‘ವಿಂಟೇಜ್’ ನೋಂದಣಿಯ ಬೇರೆ ವ್ಯವಸ್ಥೆಯಿದೆ. ಆದರೆ ಇಲ್ಲಿ ಒಮ್ಮೆ ನೋಂದಣಿಯಾದ ಕಾರಿಗೆ ಅಲ್ಲಿಯೂ ಹಳೆಯ ಆರ್‌ಸಿ ಕೇಳುತ್ತಾರೆ. ಈ ಪದ್ಮಿನಿಗೆ 50 ತುಂಬುವುದು 2028ರಲ್ಲಿ. ಕಾದರೂ ಪ್ರಯೋಜನವಿರಲಿಲ್ಲ.

ರಿಜಿಸ್ಟರ್ ಸಿಗಲು ಎರಡು ತಿಂಗಳು ಹಿಡಿಯಿತು. ಹೆಸರು ಆ ತಂದೆಯದೇ ಇತ್ತು, ಕೊನೆಯ ನವೀಕರಣ 2013ಕ್ಕೆ ಮುಗಿದಿತ್ತು. ಅಳಿಯ ಚಾಸಿಸ್ ಸಂಖ್ಯೆಯ ಮೇಲಿನ ತುಕ್ಕನ್ನು ಸೀಮೆಎಣ್ಣೆಯಲ್ಲಿ ಒರೆಸಿ, ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆದ. ಒಂದೊಂದು ಅಂಕಿಯೂ ರಿಜಿಸ್ಟರಿನೊಂದಿಗೆ ತಾಳೆಯಾಯಿತು. ಆಮೇಲೆ ಐವರೂ ಹಕ್ಕುದಾರರೊಂದಿಗೆ ಒಂದು ಕರಾರು ಬರೆದೆವು. ದಾಖಲೆ ಸಿದ್ಧವಾಗುವುದರಿಂದ ಬೆಲೆ 72,000 ರೂಪಾಯಿ. ತಪಾಸಣೆಗೆ ಬೇಕಾದ ದುರಸ್ತಿಯನ್ನು ಅಳಿಯ ಮಾಡುವುದು, ವರ್ಗಾವಣೆ ಆಗದಿದ್ದರೆ ಬಿಡಿಭಾಗಗಳ ಖರ್ಚನ್ನು ಮನೆಯವರು ಭರಿಸುವುದು. ಆ ಕಾಗದಕ್ಕೆ ನಾನು ಸಾಕ್ಷಿಯಾಗಿ ಸಹಿ ಹಾಕಿದೆ. ಎಲ್ಲರ ಒಪ್ಪಿಗೆಯಂತೆ ಕಾರು ಮೊದಲು ತಾಯಿಯ ಹೆಸರಿಗೆ ಬಂತು. ಎಪ್ಪತ್ತು ದಾಟಿದ ಆ ಹಿರಿಯ ಮಹಿಳೆಯ ಹೆಸರಿನಲ್ಲಿ ಬಾಳಿನಲ್ಲಿ ಮೊದಲ ಬಾರಿಗೆ ಒಂದು ಸೊತ್ತಿನ ದಾಖಲೆ ಹುಟ್ಟಿತು. ರಬೀಉಲ್ ಅವ್ವಲ್‌ನಲ್ಲಿ ಆರಂಭವಾದ ಕೆಲಸ ಶಅಬಾನ್‌ನಲ್ಲಿ ಮುಗಿದು ಕಾರು ಅಳಿಯನದಾಯಿತು. “ಮಾಮ, ನಿಮ್ಮ ಕಿತಾಬಿನಿಂದ ನನಗೆ 24,000 ನಷ್ಟ” ಎಂದು ಅವನು ಈಗಲೂ ನಗೆಯಾಡುತ್ತಾನೆ. ತಾಯಿಗೆ 9,000, ಗಂಡುಮಕ್ಕಳಿಗೆ ತಲಾ 21,000, ಹೆಣ್ಣುಮಕ್ಕಳಿಗೆ ತಲಾ 10,500 ಸಂದಿತು. ಸುಳ್ಯದ ಮಗಳು ಹಣವನ್ನು ಹಿಂದಿರುಗಿಸಲಿಲ್ಲ. ಮಗನ ಕಾಲೇಜಿನ ಶುಲ್ಕ ಕಟ್ಟಿದಳು. ಅವಳು ‘ಬೇಡ’ ಎಂದದ್ದೂ ನಿಜ, ಅವಳಿಗೆ ಅದು ಬೇಕಾಗಿತ್ತೆಂಬುದೂ ನಿಜ.

ಕಾರಿನ ಲೆಕ್ಕ ಮುಗಿಯಿತು. ಮನೆ ಮತ್ತು ಅಡಿಕೆ ತೋಟದ ಲೆಕ್ಕ ಇನ್ನೂ ಮುಗಿದಿಲ್ಲ. ಆದರೆ ಮಾತು ಆರಂಭವಾಗಿದೆ. ಆ ಹಿರಿಯ ಮಗ ಕೆಟ್ಟವರಲ್ಲ, ಜಮಾಅತಿನಲ್ಲಿ ಮೊದಲ ಸಾಲಿನಲ್ಲಿ ನಿಲ್ಲುವವರು. ತಂದೆಯ ನಂತರ ಮನೆಯ ಭಾರ ಹೊತ್ತವರು. ಯಾರೂ ಕೇಳದಿದ್ದರಿಂದ ಅವರಿಗೂ ನೆನಪಾಗಲಿಲ್ಲ, ಅಷ್ಟೇ. ನಮ್ಮ ಹೆಚ್ಚಿನ ಮನೆಗಳಲ್ಲಿ ಹಕ್ಕುಗಳು ಕಳೆದುಹೋಗುವುದು ಹೀಗೆಯೇ. ಯಾರೂ ಕಸಿದುಕೊಳ್ಳುವುದಿಲ್ಲ, ಯಾರೂ ಕೊಡುವುದೂ ಇಲ್ಲ. ಭಾರತದ ಮುಸ್ಲಿಮರ ವಾರಸು ವಿಷಯದಲ್ಲಿ ಶರೀಅತ್ ಅನ್ವಯವಾಗಬೇಕೆಂದು 1937ರ ಕಾಯ್ದೆ ಹೇಳುತ್ತದೆ, ಆ ಕಾಯ್ದೆಗೆ ಧಕ್ಕೆ ಬಂದರೆ ನಾವು ಬೀದಿಗಿಳಿಯಲೂ ಸಿದ್ಧರಿದ್ದೇವೆ. ಅದೇ ಶರೀಅತ್ ನಮ್ಮ ಮನೆಯೊಳಗಿನ ಪೆಟ್ಟಿಗೆಯವರೆಗೆ ಬಂದಿದೆಯೇ ಎಂದು ನೋಡುವ ಕೆಲಸ ನಮ್ಮದೇ.

ಪ್ರಿಯ ಸಹೋದರರೇ, ಸಹೋದರಿಯರೇ, ಹಳೆಯ ಕಾರೋ, ಬೈಕೋ, ತುಂಡು ಭೂಮಿಯೋ ಕಾಗದವಿಲ್ಲದೆ ಕಡಿಮೆ ಬೆಲೆಗೆ ಬಂದಾಗ, ಮುಂಗಡ ಕೊಡುವ ಮೊದಲು ಅದರ ಹಿಂದೆ ಯಾರು ಯಾರಿದ್ದಾರೆಂದು ಕೇಳಿರಿ. ಬೆಲೆ ಕಡಿಮೆಯಾಗಿರುವುದು ಹಲವು ಬಾರಿ ಬೇರೊಬ್ಬರ ಪಾಲನ್ನು ಬಿಟ್ಟಿದ್ದರಿಂದ. ಈ ವಾರ ಬಿಡುವಾದಾಗ ತೀರಿಹೋದ ನಿಮ್ಮ ಹಿರಿಯರ ಪೆಟ್ಟಿಗೆಯನ್ನು ಒಮ್ಮೆ ತೆರೆಯಿರಿ. ವಾಹನದ ಆರ್‌ಸಿ, ಬ್ಯಾಂಕಿನ ಪುಸ್ತಕ, ಜಮೀನಿನ ಪಹಣಿ ಯಾರ ಹೆಸರಿನಲ್ಲಿವೆಯೆಂದು ನೋಡಿರಿ. ಆಮೇಲೆ ತಾಯಿಗೆ, ಅಕ್ಕತಂಗಿಯರಿಗೆ ನೀವೇ ಫೋನ್ ಮಾಡಿರಿ. ಅವರು ಕೇಳಲಿ ಎಂದು ಕಾಯಬೇಡಿರಿ. ಜೀವಂತವಿರುವವರು ತಮ್ಮ ಸಾಲ, ಸೊತ್ತು, ಅಮಾನತ್ತುಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿರಿ.

ಇಹಲೋಕದಲ್ಲಿ ತೀರಿಸದೆ ಉಳಿಸಿದ ಹಕ್ಕುಗಳ ಲೆಕ್ಕವನ್ನು ಹಣವಿಲ್ಲದ ಆ ದಿನ ಸತ್ಕರ್ಮಗಳಿಂದ ತೀರಿಸಬೇಕಾಗುತ್ತದೆ. ಆ ದಿನಕ್ಕಿಂತ ಮೊದಲೇ ಹಕ್ಕುದಾರರ ಹಕ್ಕನ್ನು ಅವರ ಕೈಗೆ ತಲುಪಿಸುವ ಮನಸ್ಸನ್ನೂ ಧೈರ್ಯವನ್ನೂ ಅಲ್ಲಾಹನು ನಮಗೆಲ್ಲರಿಗೂ ದಯಪಾಲಿಸಲಿ. ಆಮೀನ್.